ನಡುಮೆಟ್ಟಿಲಲ್ಲಿ ಕೂತು ಬ್ಯಾಟರಿ ಹಂಚಿದವರು

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಅಕ್ಕನ ಅಮ್ಮನವರಿಗೆ, ಅವರ ಪಕ್ಕದಲ್ಲಿರುವ ಭಾವನವರಿಗೆ, ಮಗಳಿಗೆ — ನಮಸ್ಕಾರ. ನಮ್ಮ ಯಜಮಾನರಿಗೆ, ಜೊತೆಯಲ್ಲಿ ದುಡಿಯುವವರಿಗೆ, ಅಂಗಡಿ ಬಾಗಿಲು ಹಾಕಿ, ಕೆಲಸ ಬಿಟ್ಟು ಬಂದಿರುವ ನಮ್ಮ ಗಿರಾಕಿಗಳಿಗೆ — ನಮಸ್ಕಾರ. ಹಿಂದೆ ನಿಂತವರು ದಯವಿಟ್ಟು ಮುಂದೆ ಬನ್ನಿ, ಕುರ್ಚಿಗಳು ಖಾಲಿ ಇವೆ. ಗೋಡೆಗೆ ಮಾತ್ರ ಒರಗಬೇಡಿ. ಅಲ್ಲಿ ಸಾಲಾಗಿ ನಿಲ್ಲಿಸಿರುವುದು ಸೋಲಾರ್ ಪ್ಯಾನೆಲ್ಲುಗಳು, ಎಲ್ಲ ಗಾಜು. ನಮ್ಮ ಗೋಡೌನು ಬಿಟ್ಟರೆ ಇಷ್ಟು ಜನ ಕೂರುವ ಜಾಗ ನಮಗೆ ಬೇರೆ ಸಿಗಲಿಲ್ಲ. ಅನುಕೂಲ ಸಾಲದಿದ್ದರೆ ಕ್ಷಮಿಸಬೇಕು.

ನನ್ನನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ — ನಾನು ಏಣಿ. ಮನೆಗಳ ತಾರಸಿ ಮೇಲೆ ಪ್ಯಾನೆಲ್ಲು ಕೂರಿಸುವವನು. ಸದಾ ಹೆಗಲ ಮೇಲೆ ಏಣಿ ಇರುತ್ತದಲ್ಲ, ಅದಕ್ಕೇ ಆ ಹೆಸರು. ಹೆಸರಿಟ್ಟವರು ಇವತ್ತು ನಾವು ನೆನೆಯಲು ಸೇರಿರುವ ಅಕ್ಕನೇ. ಅವರಿಗೆ ಹೆಸರಿಟ್ಟವನು ನಾನು — ಪೀಕ್ ಅಕ್ಕ. ಆಮೇಲೆ ಕಂಪನಿಯಲ್ಲಿ, ಗಿರಾಕಿಗಳ ಮನೆಯಲ್ಲಿ, ಕಡೆಗೆ ಅವರ ಸ್ವಂತ ಮನೆಯಲ್ಲೂ ಅದೇ ನಿಂತುಹೋಯಿತು.

ಪೀಕ್ ಅಂದರೇನು ಅಂತ ಅಕ್ಕನಿಂದ ಪಾಠ ಹೇಳಿಸಿಕೊಳ್ಳದವರು ಇಲ್ಲಿ ಕಡಿಮೆ. ಆದರೂ ಅಮ್ಮನವರ ಕಡೆಯ ನೆಂಟರು ಬಂದಿದ್ದಾರೆ, ಅವರಿಗಾಗಿ ಹೇಳುತ್ತೇನೆ. ಸಂಜೆ ಹೊತ್ತು ಊರೆಲ್ಲ ಒಟ್ಟಿಗೆ ಸ್ವಿಚ್ಚು ಒತ್ತುತ್ತದೆ. ಆ ಹೊತ್ತಿಗೆ ಕರೆಂಟಿನ ದರ ಜಾಸ್ತಿ. ಅದೇ ಪೀಕ್ ಟೈಮು. ಹಗಲಿನ ಬಿಸಿಲನ್ನು ಬ್ಯಾಟರಿಯಲ್ಲಿ ತುಂಬಿಸಿಟ್ಟುಕೊಂಡು, ದರ ಏರಿದಾಗ ಮನೆಯನ್ನು ಬ್ಯಾಟರಿಯ ಮೇಲೆ ನಡೆಸಬೇಕು. ದರ ಇಳಿದ ಮೇಲೆ ಮತ್ತೆ ಹೊರಗಿನ ಕರೆಂಟ್ ಲೈನಿಗೆ ಬಿಡಬೇಕು. ಯಾವ ಹೊತ್ತಿಗೆ ಬಿಡಬೇಕು, ಎಷ್ಟು ಉಳಿಸಿಕೊಳ್ಳಬೇಕು, ಮನೆಯಲ್ಲಿ ಯಾವುದು ಓಡಬೇಕು, ಯಾವುದು ಕಾಯಬೇಕು — ಇದನ್ನೆಲ್ಲ ಯಂತ್ರಕ್ಕೆ ಹೇಳಿಕೊಡುವುದಕ್ಕೆ ಸೆಟ್ಟಿಂಗ್ ಅನ್ನುತ್ತೇವೆ. ನಾನು ಮೇಲೆ ನಟ್ಟು ಬಿಗಿಯುತ್ತಿದ್ದೆ. ಕೆಳಗೆ ಅಕ್ಕ ಸೆಟ್ಟಿಂಗ್ ಮಾಡುತ್ತಿದ್ದರು.

ಆದರೆ ಅವರು ಬಂದ ತಕ್ಷಣ ಲ್ಯಾಪ್‌ಟಾಪ್ ತೆಗೆಯುತ್ತಿರಲಿಲ್ಲ. ಮೊದಲು ಅಡುಗೆಮನೆಗೆ ಹೋಗಿ ಕೂರುತ್ತಿದ್ದರು. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಯಾವಾಗ ಸ್ನಾನ ಮಾಡುತ್ತಾರೆ, ಬಟ್ಟೆ ಯಾವಾಗ ಒಗೆಯುತ್ತಾರೆ, ಟೀವಿ ಯಾರದು — ಎಲ್ಲ ಕೇಳುತ್ತಿದ್ದರು. ಒಬ್ಬ ಗಿರಾಕಿ, "ಮೇಡಂ, ನೀವು ಸೋಲಾರ್ ಹಾಕಕ್ಕೆ ಬಂದಿದೀರೋ, ಜನಗಣತಿಗೆ ಬಂದಿದೀರೋ?" ಅಂತ ಕೇಳಿದ್ದರು. ಅದೋ, ಅಲ್ಲೇ ಕೂತಿದ್ದಾರೆ. ಅಕ್ಕ ನನಗೆ ಹೇಳುತ್ತಿದ್ದರು — "ಬ್ಯಾಟರಿಗೆ ಹೇಳೋದು ಸುಲಭ ಕಣೋ ಏಣಿ. ಮನೆಯವರ ಬಾಯಿ ಬಿಡಿಸೋದೇ ಕಷ್ಟ."

— ಸ್ವಲ್ಪ ನೀರು ಕೊಡಿ.

ನಾನು ಒಂದು ಮನೆಯ ಕಥೆ ಹೇಳಬೇಕು ಅಂತ ಬಂದಿದ್ದೇನೆ. ಆ ಮನೆಯ ಇಬ್ಬರೂ ಇಲ್ಲಿದ್ದಾರೆ. ಹೇಳಲೇ ಅಂತ ಕೇಳಿದೆ. ಇಬ್ಬರೂ ಹೇಳಿ ಅಂದರು. ಬೇರೆ ಬೇರೆಯಾಗಿ ಅಂದರು.

ಅಣ್ಣ-ತಂಗಿಯ ಮನೆ ಅದು. ಕೆಳಗಡೆ ಅಣ್ಣ. ಕ್ರೇನ್ ಓಡಿಸಿ ನಿವೃತ್ತರಾದವರು, ಒಂಟಿ. ದೊಡ್ಡದೊಂದು ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದಾರೆ. ಮೇಲ್ಗಡೆ ತಂಗಿ, ಬಟ್ಟೆ ಹೊಲಿಯುವವರು. ನಾವೆಲ್ಲ ಟೈಲರಮ್ಮ ಅನ್ನುತ್ತೇವೆ. ತಂದೆ ಕಟ್ಟಿಸಿದ ಮನೆ. ತಂದೆ ತೀರಿಕೊಂಡ ಮೇಲೆ ಇಬ್ಬರಿಗೂ ಮಾತು ನಿಂತುಹೋಗಿತ್ತು. ಒಳಗೇ ಒಂದು ಮೆಟ್ಟಿಲಿದೆ, ಅದರ ಬುಡದಲ್ಲಿ ಒಂದು ಬಾಗಿಲು. ಆ ಬಾಗಿಲಿಗೆ ಅಣ್ಣ ತಮ್ಮ ಕಡೆಯಿಂದ ಚಿಲಕ ಹಾಕಿಕೊಂಡಿದ್ದರು. ತಂಗಿ ಹೊರಗಿನ ಮೆಟ್ಟಿಲು ಹತ್ತಿ ಓಡಾಡುತ್ತಿದ್ದರು. ಏನು ಜಗಳ ಅಂತ ನಾನು ಕೇಳಿದ್ದುಂಟು. ಅಕ್ಕ ಕೇಳಲಿಲ್ಲ. "ಅದು ಸೆಟ್ಟಿಂಗ್‌ಗೆ ಬೇಕಾಗಿಲ್ಲ," ಅಂದರು.

ಆದರೆ ತಾರಸಿ ಒಂದೇ. ಮೀಟರೂ ಒಂದೇ, ಇನ್ನೂ ತಂದೆಯ ಹೆಸರಿನಲ್ಲಿ. ಬ್ಯಾಟರಿ ಒಂದೇ. ಸಂಜೆಯಾದರೆ ಮೇಲಿನ ಇಸ್ತ್ರಿಪೆಟ್ಟಿಗೆ ಆ ಬ್ಯಾಟರಿಯನ್ನು ಗಟಗಟ ಕುಡಿದು ಮುಗಿಸುತ್ತಿತ್ತು. ಕೆಳಗಿನ ಮೀನಿನ ತೊಟ್ಟಿ ದುಬಾರಿ ಕರೆಂಟಿನಲ್ಲಿ ಓಡುತ್ತಿತ್ತು.

ಅಕ್ಕ ಏನು ಮಾಡಿದರು ಗೊತ್ತೇ? ಅಣ್ಣನಿಂದ ಬಾಗಿಲ ಚಿಲಕ ತೆಗೆಸಿ, ಒಳಮೆಟ್ಟಿಲಿನ ನಡುವೆ ಹೋಗಿ ಕೂತರು. ತೊಡೆಯ ಮೇಲೆ ಲ್ಯಾಪ್‌ಟಾಪು. ಮೇಲೆ ಒಬ್ಬರು, ಕೆಳಗೆ ಒಬ್ಬರು. ನಾನು ಪಕ್ಕದಲ್ಲಿ ವೈರು ಹಿಡಿದು ನಿಂತಿದ್ದೆ, ಕಣ್ಣಾರೆ ಕಂಡದ್ದು.

ಕೆಳಗಿನಿಂದ ಅಣ್ಣ — "ಅವಳ ಇಸ್ತ್ರಿಗೆ ನನ್ನ ಮೀನು ಯಾಕ್ರೀ ದಂಡ ತೆರಬೇಕು? ಹೇಳಿ ಅವಳಿಗೆ."

ಅಕ್ಕ ಮೇಲೆ ನೋಡಿ — "ಅಮ್ಮಾ, ನಿಮ್ಮ ಅಣ್ಣ ಏನಂತಾರೆ ಅಂದ್ರೆ…"

ಮೇಲಿನಿಂದ — "ಕೇಳಿಸ್ತು, ಕೇಳಿಸ್ತು! ಮೀನಿಗೆ ಬೇಜಾರಾಗತ್ತೆ ಅಂತ ಟೀವಿ ಹಚ್ಚಿಟ್ಟಿರ್ತಾನಲ್ಲ, ಅದನ್ನ ಕೇಳಿ ಮೊದಲು!"

ಅಕ್ಕ ಕೆಳಗೆ ನೋಡಿ, ನಗಲಿಲ್ಲ ನೋಡಿ, ಒಂದಿಷ್ಟೂ ನಗಲಿಲ್ಲ — "ಅಣ್ಣಾ, ಮೀನು ಯಾವ ಹೊತ್ತಿನ ಕಾರ್ಯಕ್ರಮ ನೋಡ್ತವೆ?"

ನಾನು ವೈರು ಬಿಟ್ಟು ಹೊರಗೆ ಹೋಗಿ ನಕ್ಕು ಬಂದೆ.

ಒಂದು ಸಲಕ್ಕೆ ಮುಗಿಯಲಿಲ್ಲ. ಮತ್ತೆ ಹೋದರು, ಮತ್ತೆ ಹೋದರು. ಪ್ರತಿ ಸಲವೂ ಅಕ್ಕ ಹೊರಟ ಮೇಲೆ ಅಣ್ಣ ಮತ್ತೆ ಚಿಲಕ ಹಾಕಿಕೊಳ್ಳುತ್ತಿದ್ದರು. ಇಸ್ತ್ರಿಯನ್ನು ನಡುಹಗಲಿಗೆ ತಂದರು. ಆಗ ಬಿಸಿಲಿರುತ್ತದೆ, ಬ್ಯಾಟರಿ ಮುಟ್ಟುವುದೇ ಬೇಡ. ಟೈಲರಮ್ಮ ಸಿಡಿದುಬಿದ್ದರು — ಗಿರಾಕಿ ಬರೋದೇ ಸಂಜೆಗೆ, ನಿಂತ ಕಾಲಲ್ಲಿ ಇಸ್ತ್ರಿ ಮಾಡಿಕೊಡಬೇಕು, ಅಂತ. ಕಡೆಗೆ ಒಂದು ಮಾತು ಎಸೆದರು — "ನಾನು ಇಸ್ತ್ರಿ ಬಿಡ್ತೀನಿ. ಅವನು ಸಂಜೆ ಸ್ನಾನ ಬಿಡ್ಲಿ." ಕ್ರೇನಿನ ಕೆಲಸ ಮುಗಿಸಿ ಬಂದು ಸಂಜೆ ಬಿಸಿನೀರು ಹಾಕಿಕೊಳ್ಳುವುದು ಅಣ್ಣನ ಜೀವಮಾನದ ಅಭ್ಯಾಸ. ಅವರು ತೊಟ್ಟಿಯ ಕಡೆ ತಿರುಗಿ ಮೀನು ನೋಡಿದರು. ಆಮೇಲೆ, "ಸರಿ. ಮೀನಿಗೋಸ್ಕರ," ಅಂದರು.

ಒಂದೇ ಮನೆಗೆ ಇಷ್ಟು ಸಲ ಯಾಕೆ ಹೋಗುತ್ತೀರಿ ಅಂತ ಯಜಮಾನರು ಗದರಿದ್ದರು. ಹೌದಲ್ಲ ಸಾರ್? — ಯಜಮಾನರು ತಲೆಯಾಡಿಸುತ್ತಿದ್ದಾರೆ. ಆಗ ಅಕ್ಕ ಕೊಟ್ಟ ಉತ್ತರ ಕಂಪನಿಯಲ್ಲಿ ಎಲ್ಲರಿಗೂ ಬಾಯಿಪಾಠ. "ಬ್ಯಾಟರಿ ಸೆಟ್ ಆಗಿದೆ ಸಾರ್. ಮನೆ ಇನ್ನೂ ಆಗಿಲ್ಲ."

ಆ ಮನೆಗೆ ಇನ್ನೊಂದು ವ್ಯವಸ್ಥೆ ಮಾಡಿದ್ದರು. ಮೇಲೆ ಎಷ್ಟು ಕರೆಂಟು ಉರಿಯುತ್ತಿದೆ, ಕೆಳಗೆ ಎಷ್ಟು ಉರಿಯುತ್ತಿದೆ ಅಂತ ಇಬ್ಬರ ಫೋನಿನಲ್ಲೂ ಬೇರೆ ಬೇರೆ ಕಾಣುವ ಹಾಗೆ. ಅದು ಬೇಕು ಅಂದವರು ಟೈಲರಮ್ಮ. "ಅವನು ನನ್ನ ಪಾಲು ನುಂಗ್ತಾನೋ ಇಲ್ವೋ ನೋಡ್ಬೇಕು," ಅಂತ. ದಿನಾ ಸಂಜೆ ಹೊಲಿಗೆ ಮಿಷನ್ ಪಕ್ಕದಲ್ಲಿ ಫೋನು ನಿಲ್ಲಿಸಿಕೊಂಡು ಅಣ್ಣನನ್ನು ಕಾಯುತ್ತಿದ್ದರು — ಪೊಲೀಸರು ಕಾಯುವ ಹಾಗೆ.

ಒಂದು ಸಂಜೆ. ನಾನೂ ಅಕ್ಕನೂ ಇದೇ ಗೋಡೌನಿನಲ್ಲಿ ಸಾಮಾನು ಇಳಿಸಿಕೊಳ್ಳುತ್ತಿದ್ದೆವು. ಟೈಲರಮ್ಮನ ಫೋನು ಬಂತು. ಅಕ್ಕನ ಕೈ ಖಾಲಿ ಇರಲಿಲ್ಲ, ಸ್ಪೀಕರಿಗೆ ಹಾಕಿದರು.

"ಸೆಟ್ಟಿಂಗ್ ಕೆಟ್ಟಿದೆ, ಬನ್ನಿ. ಕೆಳಗೆ ಏನೂ ಉರೀತಿಲ್ಲ ಅಂತ ತೋರಿಸ್ತಿದೆ. ದೀಪ ಇಲ್ಲ, ಟೀವಿ ಇಲ್ಲ. ಬರೀ ಮೀನಿನ ಪಂಪು."

ಅಕ್ಕ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟರು. ತಮ್ಮ ಫೋನಿನಲ್ಲಿ ನೋಡಿದರು. "ಸೆಟ್ಟಿಂಗ್ ಸರಿ ಇದೆಯಮ್ಮ. ಅವರು ಎಲ್ಲಾದ್ರೂ ಹೋಗಿದಾರಾ?"

"ಚಪ್ಪಲಿ ಇಲ್ಲೇ ಇದೆ. ಮೇಲಿಂದ ಕಾಣ್ಸತ್ತೆ."

"ಇಳಿದು ಹೋಗಿ ಬಾಗಿಲು ತಟ್ಟಿ."

"ನಾನಾ?"

"ನೀವೇ. ಹೋಗಿ. ನಾನು ಫೋನ್ ಇಡಲ್ಲ."

ಆಮೇಲೆ ನಮಗೆ ಬರೀ ಸದ್ದು. ಮೆಟ್ಟಿಲು ಇಳಿಯುವ ಸದ್ದು. ಒಳಬಾಗಿಲು ತಟ್ಟುವ ಸದ್ದು. ಟೈಲರಮ್ಮ ಕೂಗಿದರು — "ಯಾರಿದೀರಿ ಒಳಗೆ?"

ದೂರದಲ್ಲಿ ಒಂದು ಕ್ಷೀಣ ಧ್ವನಿ — "ಇನ್ಯಾರಿರ್ತಾರೆ?"

ನೀವು ನಗುತ್ತಿದ್ದೀರಿ. ನಗಿ, ತಪ್ಪಿಲ್ಲ. ಅವತ್ತು ನಾವು ನಗಲಿಲ್ಲ. ಮಧ್ಯಾಹ್ನ ಸ್ನಾನಕ್ಕೆ ಹೋದವರು ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಎದ್ದೇಳಲು ಆಗುತ್ತಿರಲಿಲ್ಲ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಮೇಲೆ ಹೊಲಿಗೆ ಮಿಷನ್ನಿನ ಸದ್ದು, ಯಾರಿಗೆ ಕೇಳಬೇಕು? ಅಕ್ಕ ಫೋನಿನಲ್ಲೇ, "ಪಕ್ಕದ ಮನೆಯವರನ್ನ ಕರೀರಿ, ಚಿಲಕ ಮುರೀರಿ, ಅವರನ್ನ ಎತ್ತಕ್ಕೆ ಹೋಗಬೇಡಿ," ಅಂತ ಒಂದೊಂದಾಗಿ ಹೇಳುತ್ತ ಹೋದರು. ನನಗೆ ಕಣ್ಣಲ್ಲೇ ಆಂಬುಲೆನ್ಸ್‌ಗೆ ಫೋನ್ ಮಾಡು ಅಂದರು. ಮಾಡಿದೆ.

ಮನುಷ್ಯ ಉಳಿದರು. ಮೊನ್ನೆ ಮೊನ್ನೆ ಕೋಲು ಹಿಡಿದು ನಡೆಯಲು ಶುರು ಮಾಡಿದ್ದಾರೆ. ಆ ಕಡೆಯ ಸಾಲಿನಲ್ಲಿ ಕೂತಿದ್ದಾರೆ. ಟೈಲರಮ್ಮ ಆಸ್ಪತ್ರೆಯ ವರಾಂಡದಲ್ಲಿ ಕೂತು ಕಾದರು, ಊಟ ಕಳಿಸಿದರು. ಅದಾದ ಮೇಲೆ ಇಬ್ಬರೂ ಮಾತಾಡಿದರು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಮಾತಾಡಲಿಲ್ಲ. ಮುರಿದ ಚಿಲಕವನ್ನು ಮತ್ತೆ ಹಾಕಿಸಲಿಲ್ಲ, ಅಷ್ಟೇ.

ಇನ್ನು — ಆ ದಿನದ ವಿಷಯ.

ಹೇಳಲೇಬೇಕಲ್ಲ. ಹೇಗಾಯಿತು, ಹೇಗಾಯಿತು ಅಂತ ಎಲ್ಲರೂ ಕೇಳುತ್ತಿದ್ದೀರಿ. ಅಮ್ಮನವರನ್ನು ಮತ್ತೆ ಮತ್ತೆ ಕೇಳಬೇಡಿ. ನಾನು ಹೇಳುತ್ತೇನೆ, ಒಂದೇ ಸಲ, ಎಲ್ಲರಿಗೂ.

ಕರೆಂಟ್ ಆಫೀಸಿನವರು ಪೀಕ್ ಹೊತ್ತನ್ನು ಬದಲಾಯಿಸಿದರು. ಮುಂಚೆ ಕತ್ತಲಾದ ಮೇಲೆ ಶುರುವಾಗುತ್ತಿತ್ತು, ಈಗ ಬೆಳಕಿರುವಾಗಲೇ ಶುರು. ಎಲ್ಲ ಮನೆಗಳ ಸೆಟ್ಟಿಂಗೂ ಬದಲಾಗಬೇಕಿತ್ತು. ಬೇರೆ ಮನೆಗಳದನ್ನು ಅಕ್ಕ ಆಫೀಸಿನಲ್ಲಿ ಕೂತೇ ಇಂಟರ್ನೆಟ್ಟಿನಲ್ಲಿ ಮಾಡಿ ಮುಗಿಸಿದರು. ಆ ಒಂದು ಮನೆಗೆ ಮಾತ್ರ, "ನಾನೇ ಹೋಗ್ತೀನಿ. ಇಲ್ಲಿಂದ ಮಾಡಿದ್ರೆ ಇನ್ನೊಬ್ರು ಮಾಡಿಸಿದ್ದು ಅಂತ ಇಬ್ರೂ ಹೇಳ್ತಾರೆ," ಅಂದರು. ಊಟಕ್ಕೆ ಮುಂಚೆ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತಂತೆ.

ನಾನು ಇನ್ನೊಂದು ಮನೆಯ ತಾರಸಿ ಮೇಲಿದ್ದೆ. ಏನೋ ಕೇಳಬೇಕಾಗಿ ಫೋನ್ ಮಾಡಿದೆ. ಏನು ಅಂತ ಈಗ ನೆನಪಾಗುತ್ತಿಲ್ಲ. ಯಾರೋ ಗಂಡಸು ಎತ್ತಿದರು.

"ನೀವು ಇವರಿಗೆ ಏನಾಗ್ಬೇಕು?"

"ಜೊತೇಲಿ ಕೆಲ್ಸ ಮಾಡ್ತೀನಿ. ನೀವ್ಯಾರು?"

"ಬಸ್ ಕಂಡಕ್ಟರ್. ಕಡೇ ಸ್ಟಾಪಿಗೆ ಬಂದಿದೀವಿ. ಮೇಡಂ ಎದ್ದೇಳ್ತಿಲ್ಲ."

ನಾನು ಹೇಳಿದೆ — "ಅವರು ಕಡೇ ಸ್ಟಾಪಿನವರಲ್ಲ. ಅದಕ್ಕೆ ಮುಂಚೇನೇ ಇಳೀಬೇಕು."

ಅವರು ಡ್ರೈವರಿಗೆ ಏನೋ ಹೇಳಿದರು. ಆಮೇಲೆ, "ಸಾರ್, ನೀವು ಬನ್ನಿ," ಅಂದರು.

ನಾನು ಫೋನು ಜೇಬಿಗಿಟ್ಟು, ಕೈಯಲ್ಲಿದ್ದ ನಟ್ಟನ್ನು ಪೂರ್ತಿ ಬಿಗಿದೆ. ಪಕ್ಕದ್ದನ್ನೂ ಬಿಗಿದೆ. ಆಮೇಲೆ ಇಳಿದೆ. ಕೈ ತಾನಾಗಿ ಮಾಡಿತು.

ಹೃದಯ ನಿಂತುಹೋಗಿತ್ತು ಅಂದರು ಡಾಕ್ಟರು. ನಿದ್ದೆಯಲ್ಲೇ ಹೋಗಿದ್ದಾರೆ, ನೋವೇ ಗೊತ್ತಾಗಿರುವುದಿಲ್ಲ ಅಂದರು. ಅದನ್ನು ಎಲ್ಲರೂ ನನಗೆ ಹೇಳುತ್ತಾರೆ, ನಾನೂ ಎಲ್ಲರಿಗೂ ಹೇಳುತ್ತೇನೆ. ಹಾಗೇ ಇರಲಿ.

ಭಾವನವರಿಗೆ ತಿಳಿಸಲು ಅವರು ಕೆಲಸ ಮಾಡುವ ಬೇಕರಿಗೆ ಹೋದೆ. ಭಾವ, ನೀವು ಒಲೆಯ ಮುಂದೆ ಬ್ರೆಡ್ಡಿನ ಟ್ರೇ ಎಳೆಯುತ್ತಿದ್ದಿರಿ. ಇದನ್ನು ಹೇಳಬಹುದು ಅಂತ ನೀವು ಅಂದದ್ದಕ್ಕೆ ಹೇಳುತ್ತಿದ್ದೇನೆ. ನಾನು ವಿಷಯ ಹೇಳಿದೆ. ಭಾವ ಟ್ರೇ ಇಟ್ಟರು. ಕೈ ಒರೆಸಿಕೊಂಡರು. "ಊಟದ ಡಬ್ಬಿ ಎಲ್ಲಿ?" ಅಂತ ಕೇಳಿದರು.

"ನನ್ನ ಹತ್ರ ಇದೆ ಭಾವ." ಕಂಡಕ್ಟರು ಕೊಟ್ಟಿದ್ದರು.

ಭಾವ ಅದನ್ನು ತೆಗೆದುಕೊಂಡು, ಅಂಗೈಯಲ್ಲಿ ಹೀಗೆ — ಹೀಗೆ ತೂಗಿ ನೋಡಿದರು. "ತಿಂದಿಲ್ಲ," ಅಂದರು.

ಅಷ್ಟೇ. ಇಬ್ಬರೂ ಆಸ್ಪತ್ರೆಗೆ ನಡೆದೆವು.

ನನಗೆ ಇವತ್ತಿನವರೆಗೆ ಅಳು ಬಂದಿಲ್ಲ. ಇದನ್ನು ಹೇಳಲು ನಾಚಿಕೆಯೂ ಆಗುತ್ತಿಲ್ಲ. ಏನೂ ಆಗುತ್ತಿಲ್ಲ. ಊಟ ಮಾಡುತ್ತೇನೆ, ರುಚಿ ಇದೆಯೋ ಇಲ್ಲವೋ ಅಂತ ಮನೆಯವಳು ಕೇಳಿದರೆ ಇದೆ ಅನ್ನುತ್ತೇನೆ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಮುಟ್ಟಿದರೆ ಯಾರದೋ ತುಟಿ ಅನ್ನಿಸುತ್ತದಲ್ಲ — ನನಗೆ ಮೈಯೆಲ್ಲ ಹಾಗಿದೆ. ಇಲ್ಲಿ ಇಷ್ಟು ಹೊತ್ತು ಮಾತಾಡುತ್ತಿರುವುದೂ ನನ್ನ ಧ್ವನಿಯೇ ಅಂತ ನಿಮ್ಮ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೇನೆ.

ಅಂತ್ಯಕ್ರಿಯೆ ಆದ ಮರುದಿನ ಟೈಲರಮ್ಮ ಆಫೀಸಿಗೆ ಫೋನ್ ಮಾಡಿದರು. "ಬರ್ತೀನಿ ಅಂದವರು ಬರ್ಲೇ ಇಲ್ವಲ್ಲ? ಹೊತ್ತು ಬದಲಾಗಿದೆ, ಇಲ್ಲಿ ಹಳೇ ಸೆಟ್ಟಿಂಗೇ ಇದೆ." ಅವರಿಗೆ ಯಾರೂ ಹೇಳಿರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು. ಅಕ್ಕನ ಲ್ಯಾಪ್‌ಟಾಪು ತೆಗೆದುಕೊಂಡು ನಾನು ಹೊರಟೆ.

ದಾರಿಯುದ್ದಕ್ಕೂ ಒಂದೇ ಯೋಚನೆ — ಮೊದಲು ಮೇಲೆ ಹೇಳಲೋ, ಕೆಳಗೆ ಹೇಳಲೋ. ಯಾರಿಗೆ ಮೊದಲು ಹೇಳಿದರೂ ಇನ್ನೊಬ್ಬರು ಜಗಳ ತೆಗೆಯುತ್ತಾರೆ. ಇದೇ ಯೋಚನೆ, ಬೇರೆ ಏನೂ ಇಲ್ಲ. ಹೋಗಿ ಅಕ್ಕ ಕೂರುತ್ತಿದ್ದ ಕಡೆ, ಆ ನಡುಮೆಟ್ಟಿಲಿನ ಮೇಲೆ ಕೂತೆ. ಅಣ್ಣ ಕೋಲೂರಿಕೊಂಡು ಕೆಳಗಿನ ಬಾಗಿಲಿಗೆ ಬಂದರು. ಟೈಲರಮ್ಮ ಮೇಲಿನ ಮೆಟ್ಟಿಲಿಗೆ ಬಂದರು. ಕೊರಳಲ್ಲಿ ಅಳತೆಯ ಟೇಪಿತ್ತು.

"ಅವರೆಲ್ಲಿ?" ಅಂದರು ಅಣ್ಣ.

ಹೇಳಿದೆ. ಎಲ್ಲಿಗೆ ಹೊರಟಿದ್ದರು ಅನ್ನುವುದನ್ನೂ ಹೇಳಿದೆ.

ಅಣ್ಣ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಆಮೇಲೆ ನನ್ನನ್ನು ಕೇಳಿದರು — "ಮೇಲೆ ಹೇಳಿದ್ರಾ?"

ಮೇಲಿನಿಂದ, ಬಹಳ ಮೆಲ್ಲಗೆ — "ಕೇಳಿಸ್ತು."

ಟೈಲರಮ್ಮ ಇಳಿದು ಬಂದು ನನ್ನ ಹಿಂದಿನ ಮೆಟ್ಟಿಲಿನ ಮೇಲೆ ಕೂತರು. ಅಣ್ಣ ಕಷ್ಟಪಟ್ಟು ಕೆಳಗಿನ ಮೆಟ್ಟಿಲಿನ ಮೇಲೆ ಕೂತರು. ಮೀನಿನ ತೊಟ್ಟಿಯ ಪಂಪು ಗುಳುಗುಳು ಅನ್ನುತ್ತಿತ್ತು. ಟೀವಿ ಹಚ್ಚಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ನಾನು ಲ್ಯಾಪ್‌ಟಾಪು ತೆರೆದೆ. ಸೆಟ್ಟಿಂಗು ನನಗೂ ಅಷ್ಟೋ ಇಷ್ಟೋ ಬರುತ್ತದೆ. ಆದರೆ ಪೀಕ್ ಹೊತ್ತು ಬೇಗ ಶುರುವಾಗುತ್ತದೆ, ಅಗ್ಗದ ಹಗಲು ಚಿಕ್ಕದಾಗಿದೆ. ಇಸ್ತ್ರಿ ಯಾವಾಗ, ಬಿಸಿನೀರು ಯಾವಾಗ — ಎಲ್ಲ ಮತ್ತೆ ಹೊಂದಿಸಬೇಕು. ಅಕ್ಕನಾಗಿದ್ದರೆ ಮೇಲೆ ಕೇಳಿ ಕೆಳಗೆ ಹೇಳಿ, ಕೆಳಗೆ ಕೇಳಿ ಮೇಲೆ ಹೇಳಿ ಮಾಡುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಪರದೆ ನೋಡುತ್ತ ಕೂತಿದ್ದೆ.

ಆಗ ನನ್ನ ಬೆನ್ನ ಹಿಂದಿನಿಂದ ಟೈಲರಮ್ಮ ಹೇಳಿದರು —

"ಅಣ್ಣಾ. ನಿನ್ನ ಸ್ನಾನ ಈಗ ಯಾವಾಗ?"

ಅಣ್ಣ ನನ್ನ ಮುಖ ನೋಡಿದರು. ಅಭ್ಯಾಸಬಲ. ನಾನು ದಾಟಿಸಲಿ ಅಂತ ಕಾದರು. ನಾನು ದಾಟಿಸಲಿಲ್ಲ. ಆಮೇಲೆ ಅವರು ಕತ್ತೆತ್ತಿ, ನನ್ನನ್ನು ಬಿಟ್ಟು, ಮೇಲೆ ನೋಡಿದರು.

"ಊಟಕ್ಕೆ ಮುಂಚೆ. ನಿಂದು ಇಸ್ತ್ರಿ?"

"ನೀನು ನೀರು ಕಾಯಿಸ್ಕೊಂಡ ಮೇಲೆ ಹಚ್ತೀನಿ. ಒಬ್ಳೇ ಅಲ್ವಾ, ನಾನು ಕಾಯಬಹುದು."

"ಬೇಡ. ನಿನಗೆ ಗಿರಾಕಿ ಇರ್ತಾರೆ. ಮೊದ್ಲು ನೀನು."

ಈಗ ನೀವೆಲ್ಲ ಏನು ಅಂದುಕೊಳ್ಳುತ್ತೀರಿ ನನಗೆ ಗೊತ್ತು. ಇದನ್ನು ಅಕ್ಕ ನೋಡಬೇಕಿತ್ತು ಅಂತ. ಹೌದು, ನೋಡಬೇಕಿತ್ತು. ಸಂತೋಷಪಡಬೇಕಾದ ಜಾಗ ಅದು ಅಂತ ನನಗೂ ಗೊತ್ತಾಯಿತು — ಸಂತೋಷ ಬರಲಿಲ್ಲ. ದುಃಖವೂ ಬರಲಿಲ್ಲ. ಇಸ್ತ್ರಿಯ ಹೊತ್ತು ಹಾಕಿದೆ, ಬಿಸಿನೀರಿನ ಹೊತ್ತು ಹಾಕಿದೆ. ಸರಿಯಾಗಿದೆಯೇ ಅಂತ ಇಬ್ಬರನ್ನೂ ಕೇಳಿದೆ. ಸರಿಯಾಗಿದೆ ಅಂದರು. ಬೀಳ್ಕೊಡುವಾಗ ಟೈಲರಮ್ಮ ಕೇಳಿದರು, "ಅವರಿಗೆ ಮನೇಲಿ ಯಾರ್ಯಾರಿದಾರೆ?" ಎಷ್ಟು ಸಲ ಬಂದು ಹೋಗಿದ್ದರು, ಎಲ್ಲರ ಮನೆಯದನ್ನೂ ಕೇಳುತ್ತಿದ್ದ ಅಕ್ಕ, ತಮ್ಮ ಮನೆಯದು ಒಂದು ಮಾತು ಹೇಳಿರಲಿಲ್ಲ. ನಾನು ಹೇಳಿದೆ — ತಾಯಿ ಇದ್ದಾರೆ, ಗಂಡ ಇದ್ದಾರೆ, ಓದುವ ಮಗಳಿದ್ದಾಳೆ. ಅದಕ್ಕೇ ಇಬ್ಬರೂ ಇವತ್ತು ಇಲ್ಲಿಗೆ ಬಂದಿದ್ದಾರೆ, ಅಕ್ಕನ ಮನೆಯವರಾದ ನಿಮ್ಮನ್ನು ನೋಡಬೇಕು ಅಂತ. ಒಂದೇ ಆಟೋದಲ್ಲಿ ಬಂದಿದ್ದಾರೆ. ಕೂತದ್ದು ಮಾತ್ರ ಬೇರೆ ಬೇರೆ ಸಾಲಿನಲ್ಲಿ. ಅದು ಅವರಿಷ್ಟ.

ಮಗಳೇ, ನಿನಗೆ ಒಂದು ಮಾತು. ನೀನು ಇವತ್ತು ಬಾಗಿಲಲ್ಲಿ, "ಏಣಿ ಮಾವ, ಅಮ್ಮನ ಹತ್ರ ಕೊನೇಗೆ ಮಾತಾಡಿದ್ದು ಯಾರು?" ಅಂತ ಕೇಳಿದೆ. ಆಗ ಹೇಳಲು ಆಗಲಿಲ್ಲ. ಕಂಡಕ್ಟರನ್ನು ಕೇಳಿದ್ದೆ. ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದರಂತೆ, ಅರ್ಧ ದಾರಿಗೆ ಇಳಿದರಂತೆ. ಇಬ್ಬರೂ ಜೋರಾಗಿ ನಗುತ್ತಿದ್ದರಂತೆ. ಏನು ಮಾತು ಅಂತ ಕಂಡಕ್ಟರಿಗೆ ಕೇಳಿಸಲಿಲ್ಲವಂತೆ. ಆ ಅಜ್ಜಿ ಯಾರು ಅಂತ ನಮಗೆ ಗೊತ್ತಿಲ್ಲ. ಅಕ್ಕ ಹೋದದ್ದು ಅವರಿಗೂ ಗೊತ್ತಿಲ್ಲ. ನಿನ್ನ ಅಮ್ಮ ನಗುತ್ತಿದ್ದರು — ಅಷ್ಟು ಮಾತ್ರ ಖಚಿತ.

ನನ್ನ ಮಾತು ಮುಗಿಯಿತು.

ಈಗ ಅಕ್ಕನಿಗಾಗಿ ಮೌನಾಚರಣೆಗೆ ಎಲ್ಲರೂ ಏಳಬೇಕು ಅಂತ ಕೇಳಿಕೊಳ್ಳುತ್ತೇನೆ. ಅಣ್ಣಾ, ನೀವು ಏಳಬೇಡಿ, ಕೋಲು ಪಕ್ಕಕ್ಕಿಟ್ಟು ಕೂತೇ ಇರಿ… ಬೇಡ ಅಂದರೂ ಎದ್ದರು. ಯಾರಾದರೂ ಪಕ್ಕದವರು ಅವರ ತೋಳು ಹಿಡಿದುಕೊಳ್ಳಿ — ಟೈಲರಮ್ಮ ಬರುತ್ತಿದ್ದಾರೆ, ದಾರಿ ಬಿಡಿ. ಫೋನುಗಳನ್ನು ದಯವಿಟ್ಟು ನಿಲ್ಲಿಸಿ. ಎಷ್ಟು ನಿಮಿಷ ಅಂತ ನಾನು ಹೇಳುವುದಿಲ್ಲ, ಯಾರೂ ಗಡಿಯಾರ ನೋಡುವುದು ಬೇಡ. ಅಮ್ಮನವರು ತಲೆ ಎತ್ತುವವರೆಗೆ ನಿಂತಿರೋಣ. ಅವರು ಎತ್ತದಿದ್ದರೆ — ಎತ್ತುವವರೆಗೂ.